ಓಪಲ್ ಪ್ರುಯಿಟ್‌ಳ ಕಡೆಯ ಮತ

ಪೆಲಿಕನ್ ಪಾಮ್ಸ್ ಬಡಾವಣೆಯಲ್ಲಿ ಸಾಯುವುದಕ್ಕೂ ಹೊತ್ತು ಗೊತ್ತು ನೋಡಬೇಕು. ಓಪಲ್ ಪ್ರುಯಿಟ್ ನೋಡಲಿಲ್ಲ. ನಿವಾಸಿಗಳ ಸಂಘದ ವಾರ್ಷಿಕ ಸಭೆಯ ದಿನವೇ ಬೆಳಿಗ್ಗೆ, ಕಿಟಕಿ ಪಕ್ಕದ ಆರಾಮಕುರ್ಚಿಯಲ್ಲಿ, ಅರ್ಧ ಲೋಟ ಕಾಫಿ ಉಳಿಸಿ ಹೋಗಿಬಿಟ್ಟಳು.

“ಅಮ್ಮಾ, ಇವತ್ತೊಂದು ದಿನ ತಡಕೊಳ್ಳೋಕೆ ಆಗ್ತಿರ್ಲಿಲ್ವಾ?” ಎಂದ ಮಗ ವೆಂಡೆಲ್, ಅವಳ ಪಾದದ ಬಳಿ ಕುಸಿದು.

ಮಗ ಆಡುವ ಮಾತೇ ಇದು ಎಂದು ಮೂಗು ಮುರಿಯಬೇಡಿ. ಫ್ಲಾರಿಡಾದಲ್ಲಿ ಮುದುಕರ ಬಡಾವಣೆಗಳು ಸೊಳ್ಳೆಗಳಿಗಿಂತ ಹೆಚ್ಚು. ಆದರೆ ನಮ್ಮದರಷ್ಟು ಕಟ್ಟುನಿಟ್ಟು ಇನ್ನೊಂದಿಲ್ಲ. ಇಲ್ಲಿ ಹುಲ್ಲು ಸಂಘದ ಅಪ್ಪಣೆ ಕೇಳಿ ಬೆಳೆಯುತ್ತದೆ. ಕೊಳದ ಮೊಸಳೆ ದಡಕ್ಕೆ ಬಂದರೆ ಸಂಘ ಎಳೆದ ಗೆರೆ ದಾಟದೆ ಬಿಸಿಲು ಕಾಯುತ್ತದೆ. ಕಣ್ಣಾರೆ ಕಂಡಿದ್ದೇನೆ, ಈ ಬಡಾವಣೆಯಲ್ಲಿ ಸುಳ್ಳು ಹೇಳದವನು ನಾನೊಬ್ಬನೇ.

ಐವತ್ತೈದು ತುಂಬದವರು ಇಲ್ಲಿ ವಾಸ ಮಾಡುವಂತಿಲ್ಲ ಎಂಬುದು ಸಂಘದ ಮೊದಲ ನಿಯಮ. ವೆಂಡೆಲ್‌ಗೆ ಐವತ್ತೊಂದು. ಒಹಾಯೊದಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದವನು, ಅಮ್ಮನ ಸೊಂಟ ಮುರಿದಾಗ ಕೆಲಸ, ಬಾಡಿಗೆ ಮನೆ, ಮದುವೆಯಾಗಬೇಕಿದ್ದ ಹೆಣ್ಣು ಎಲ್ಲವನ್ನೂ ಬಿಟ್ಟು ಬಂದಿದ್ದ. ಅಮ್ಮನನ್ನು ನೋಡಿಕೊಳ್ಳುವವನೆಂದು, ಓಪಲ್ ಇರುವ ತನಕ ಅವನಿಗೆ ಜಾಗ. ಅವಳು ಹೋದರೆ ಇವನೂ ಪೆಟ್ಟಿಗೆ ಕಟ್ಟಬೇಕು, ಹೋಗಲು ಬೇರೆ ಸೂರಿಲ್ಲ. ಅದಕ್ಕೇ ಆ ಮುದುಕಿ ತನ್ನ ಗಾಲ್ಫ್ ಬಂಡಿಯಲ್ಲಿ ಮನೆಮನೆಗೆ ತಿರುಗಿ ತಿದ್ದುಪಡಿಯೊಂದನ್ನು ಸಭೆಗೆ ತಂದಿದ್ದಳು: ಹೆತ್ತವರನ್ನು ನೋಡಿಕೊಂಡ ಮಕ್ಕಳು, ಅವರು ಸತ್ತ ಮೇಲೂ ಅದೇ ಮನೆಯಲ್ಲಿರಬಹುದು. ತಿದ್ದುಪಡಿ ಗೆಲ್ಲಬೇಕಾದರೆ ಒಂದು ಮತವೂ ಕೈತಪ್ಪುವಂತಿರಲಿಲ್ಲ. ಸಭಾಭವನದ ಮೆಟ್ಟಿಲು ಹತ್ತಲಾರದ ಓಪಲ್ ತನ್ನ ಪರವಾಗಿ ಮತ ಹಾಕುವ ಹಕ್ಕನ್ನು ಮಗನಿಗೆ ಬರೆದುಕೊಟ್ಟಿದ್ದಳು. ಆದರೆ ಬರೆದುಕೊಟ್ಟವರು ಸತ್ತರೆ ಆ ಮತವೂ ಅದೇ ಕ್ಷಣ ಸತ್ತಂತೆ. ಅದೂ ನಿಯಮವೇ.

ಅಂದರೆ ಓಪಲ್ ಸಂಜೆಯವರೆಗೆ ಬದುಕಿರಲೇಬೇಕಿತ್ತು.

ವೆಂಡೆಲ್ ಅಳುವುದನ್ನು ಸಂಜೆಗೆ ಮುಂದೂಡಿದ. ಅಮ್ಮನಿಗೆ ಶಾಲು ಹೊದಿಸಿದ. ಅವಳ ಕಪ್ಪು ಕನ್ನಡಕ ತೊಡಿಸಿದ. ಕೋಣೆ ತಂಪಾಗಿರಲೆಂದು ಏಸಿಯನ್ನು ಕೊನೆಯ ತನಕ ತಿರುಗಿಸಿದ. ಆಮೇಲೆ ಬಾಗಿಲಿನ ಹಿಡಿಗೆ ಚೀಟಿ ನೇತುಹಾಕಿದ. ಇಲ್ಲಿ ಎಲ್ಲ ಮನೆಗೂ ಅಂಥದ್ದೊಂದು ರಟ್ಟಿನ ಚೀಟಿ ಇದೆ. ಬೆಳಿಗ್ಗೆ ಎದ್ದವರು ‘ನಾನು ಚೆನ್ನಾಗಿದ್ದೇನೆ’ ಎಂಬ ಹಸಿರು ಬದಿ ಕಾಣುವಂತೆ ಅದನ್ನು ತೂಗುಹಾಕಬೇಕು. ಹಿಂಬದಿ ಕೆಂಪು: ‘ದಯವಿಟ್ಟು ಬೇಗ ಬನ್ನಿ’.

ಗಾಬರಿಯಲ್ಲಿ ಅವನು ಕೆಂಪು ಬದಿಯೇ ಕಾಣುವಂತೆ ಹಾಕಿದ್ದ.

ಎದುರುಮನೆಯ ಡೊರೀನ್ ರಾಡ್ಕಿ ಬಿರುಗಾಳಿಯಂತೆ ಬಂದಳು. ಸಾವಿನ ವಾಸನೆ ಹಿಡಿಯುವುದರಲ್ಲಿ ರಣಹದ್ದು ಅವಳ ಬಳಿ ಪಾಠಕ್ಕೆ ಕೂರಬೇಕು. ಯಾರಾದರೂ ಸತ್ತರೆ ಆ ಮನೆಗೆ ಒಯ್ಯಲೆಂದು ಟ್ಯೂನ ಮೀನಿನ ನೂಡಲ್ಸ್ ತಟ್ಟೆಯೊಂದನ್ನು ಫ್ರಿಜ್ಜಿನಲ್ಲಿ ಸದಾ ಸಿದ್ಧ ಇಟ್ಟಿರುತ್ತಾಳೆ; ಇವತ್ತು ಅದನ್ನು ಹಿಡಿದೇ ಬಂದಿದ್ದಳು.

“ಏನಾಯ್ತು ಮಗಾ? ಓಪಲ್ ಹೋದ್ಲಾ?”

“ಅಯ್ಯೋ, ಚೀಟಿ ಉಲ್ಟಾ ಆಗಿದೆ ಅಷ್ಟೇ. ಮಲಗಿದಾಳೆ.” ವೆಂಡೆಲ್ ಚೀಟಿಯನ್ನು ಹಸಿರು ಬದಿಗೆ ತಿರುಗಿಸಿದ.

“ಹಂಗಾದ್ರೆ ಎಬ್ಸು, ಈ ನೂಡಲ್ಸ್ ತಿನ್ನಲಿ.”

“ರಾತ್ರಿ ನಿದ್ದೆ ಇರ್ಲಿಲ್ಲ ಪಾಪ.”

“ಅವಳಿಗೆ ನಿದ್ದೆ ಇರ್ಲಿಲ್ವಾ? ಅವಳ ಗೊರಕೆ ನನ್ ಮನೆ ಗೋಡೆ ಫೋಟೋ ಬೀಳ್ಸುತ್ತೆ.” ಡೊರೀನ್ ಅವನ ಭುಜದ ಮೇಲಿಂದ ಇಣುಕಿದಳು. “ಇವತ್ತು ಒಂಚೂರೂ ಸದ್ದೇ ಇಲ್ಲ! ನೋಡು, ನಾನು ಹೇಳಿದ ಗೊರಕೆ ತಡೆಯೋ ಮೂಗಿನ ಪಟ್ಟಿ ಹಾಕ್ಕೊಂಡಿದಾಳೆ ಅಂತ ಕಾಣುತ್ತೆ.” ಗೆದ್ದವಳಂತೆ ನಕ್ಕು, ತಟ್ಟೆ ಅವನ ಕೈಗೆ ತುರುಕಿ ಹೋದಳು.

ಮಧ್ಯಾಹ್ನದ ಹೊತ್ತಿಗೆ ಏಸಿ ಯಂತ್ರ ಹೆರಿಗೆಗೆ ಕೂತ ಆನೆಯಂತೆ ಘೀಳಿಡತೊಡಗಿತು. ಆ ಸದ್ದಿಗೆ ಹರ್ಲನ್ ಸ್ಟಾಕ್ ಬಂದ. ನಿಯಮ ಪಾಲನಾ ಸಮಿತಿಯ ಮುಖ್ಯಸ್ಥ. ಜೇಬಿನಲ್ಲಿ ಹುಲ್ಲಳೆಯುವ ಪಟ್ಟಿ, ಕೈಯಲ್ಲಿ ಸದ್ದಳೆಯುವ ಯಂತ್ರ. ಹೆಂಡತಿಯ ಶವಪೆಟ್ಟಿಗೆಯ ಬಣ್ಣ ಬಡಾವಣೆಯ ಪಟ್ಟಿಯಲ್ಲಿಲ್ಲ ಎಂದು ವಾಪಸ್ಸು ಕಳಿಸಿದವನು.

“ನಿಮ್ಮನೆ ಏಸಿ ಸದ್ದು ಮಿತಿ ಮೀರಿದೆ.”

“ಅಮ್ಮನಿಗೆ ಸೆಕೆ, ಮಿಸ್ಟರ್ ಸ್ಟಾಕ್.”

“ಶಾಲು ಹೊದ್ಕೊಂಡಿದಾಳಲ್ಲೋ?” ಹರ್ಲನ್ ಆಗಲೇ ಕಿಟಕಿಗೆ ಮುಖ ಒತ್ತಿದ್ದ. “ಮಿಸ್ ಓಪಲ್! ನಮಸ್ಕಾರ!” ಕೈ ಬೀಸಿದ. ಓಪಲ್ ಅಲುಗಲಿಲ್ಲ. ಇನ್ನೊಮ್ಮೆ ಬೀಸಿದ. ಅವಳು ಕಪ್ಪು ಕನ್ನಡಕದಿಂದ ಅವನನ್ನೇ ನೋಡುತ್ತಿದ್ದಳು.

ವೆಂಡೆಲ್ ಅವನಿಗೂ ಕಿಟಕಿಗೂ ನಡುವೆ ನುಸುಳಲು ನೋಡಿದ.

“ಅವಳ ಅಂಗಳದ ಗಾರೆ ಕೊಕ್ಕರೆ ಗೊಂಬೆ ತೆಗೆಸಿದ್ದಕ್ಕೆ ಇನ್ನೂ ಸಿಟ್ಟು, ಅಲ್ವಾ?” ಎಂದ ಹರ್ಲನ್ ಮೆಲ್ಲಗೆ. ಅವನ ದನಿಯಲ್ಲಿ ಯಾರೂ ಕೇಳಿರದ ಭಕ್ತಿ ಇತ್ತು. “ನನ್ನ ಎದುರು ಕಣ್ಣು ತಗ್ಗಿಸದೇ ಇರೋ ಮನುಷ್ಯರನ್ನ ನಾನು ಇಲ್ಲೀತನಕ ನೋಡಿಲ್ಲ. ಎಂಥಾ ಗಟ್ಟಿ ಹೆಂಗಸು!”

ಸಂಜೆ ಸಭಾಭವನ ತುಂಬಿತ್ತು. ಕೇಳಿಸದವರು ಕೇಳಿಸುವವರನ್ನು ಕೇಳುತ್ತ, ಕೇಳಿಸಿದವರು ತಪ್ಪು ಹೇಳುತ್ತ, ತಿದ್ದುಪಡಿ ಮತಕ್ಕೆ ಬಂತು. ವೆಂಡೆಲ್ ಅಮ್ಮನ ಪರವಾಗಿ ಕೈಯೆತ್ತಿದ. ತಿದ್ದುಪಡಿ ಒಂದೇ ಮತದಿಂದ ಗೆದ್ದಿತು. ಅವನು ಎದ್ದು ಹೊರಡಲು ಅಣಿಯಾದ. ಇನ್ನು ಮನೆಗೆ ಹೋಗಿ, ಅಮ್ಮ ಈಗ ತಾನೇ ಹೋದಳೆಂದು ಊರಿಗೆ ಹೇಳಿ, ಹೊಟ್ಟೆತುಂಬ ಅಳಬಹುದು.

ಆದರೆ ಸಭೆ ಮುಗಿದಿರಲಿಲ್ಲ. ಅಧ್ಯಕ್ಷರ ಆಯ್ಕೆ ಬಾಕಿ ಇತ್ತು. ಎಲ್ಲರಿಂದಲೂ ಬೈಸಿಕೊಳ್ಳುವ ಆ ಕುರ್ಚಿ ಯಾರಿಗೂ ಬೇಡ. ಅದಕ್ಕೇ ನಮ್ಮಲ್ಲಿ ಹಳೆಯ ಪದ್ಧತಿ: ಸಭೆಯಲ್ಲಿ ಇಲ್ಲದವರನ್ನೇ ಆರಿಸುವುದು. ಬೇಡ ಎನ್ನಲು ಅವರು ಅಲ್ಲಿರುವುದಿಲ್ಲವಲ್ಲ.

“ಓಪಲ್ ಪ್ರುಯಿಟ್!” ಎಂದು ಹರ್ಲನ್ ಎದ್ದು ಗುಡುಗಿದ.

ಚಪ್ಪಾಳೆ ಬಿತ್ತು. “ನಡೀರಿ, ಈಗ್ಲೇ ಹೋಗಿ ಅಧ್ಯಕ್ಷರ ಸುತ್ತಿಗೆ ಕೊಟ್ಟು ಬರೋಣ!” ಎಂದು ಡೊರೀನ್ ಕೂಗಿದಳು. ವೆಂಡೆಲ್ “ಬೇಡ, ಮಲಗಿದಾಳೆ, ನಾಳೆ” ಎನ್ನುವಷ್ಟರಲ್ಲಿ ಗಾಲ್ಫ್ ಬಂಡಿಗಳ ದಂಡು ಹೊರಟಿತ್ತು. ಅಷ್ಟುದ್ದದ ಮೆರವಣಿಗೆಯನ್ನು ಅಮೆರಿಕ ಇನ್ನೂ ಕಂಡಿಲ್ಲ. ಮುಂದಿನ ಬಂಡಿ ಓಪಲ್‌ಳ ಮನೆ ಮುಟ್ಟಿದಾಗ ಹಿಂದಿನದು ಬಹುಶಃ ಇನ್ನೂ ಪಕ್ಕದ ಜಾರ್ಜಿಯಾ ರಾಜ್ಯದಲ್ಲಿತ್ತು.

ಹರ್ಲನ್ ಒಳಗೆ ನುಗ್ಗಿ ಮಂಡಿಯೂರಿ, ಅಧ್ಯಕ್ಷರ ಮರದ ಸುತ್ತಿಗೆಯನ್ನು ಓಪಲ್‌ಳ ಕೈಯಲ್ಲಿಟ್ಟ. ಅದು ಠಕ್ಕೆಂದು ನೆಲಕ್ಕೆ ಬಿತ್ತು. ಅವನು ಅವಳ ಬೆರಳು ಮುಟ್ಟಿದ. ಟೋಪಿ ತೆಗೆದ.

“ಯಾವಾಗ?” ಎಂದ.

ವೆಂಡೆಲ್‌ನ ಬಾಯಲ್ಲಿ ‘ಈಗ ತಾನೇ’ ಸಿದ್ಧವಾಗಿತ್ತು. ಆದರೆ ಅಮ್ಮನ ಕಾಫಿ ಲೋಟ ಕಣ್ಣಿಗೆ ಬಿತ್ತು. ಅದರ ಅಂಚಿನಲ್ಲಿ ಅವಳ ತುಟಿಯ ಬಣ್ಣ ಇನ್ನೂ ಇತ್ತು.

“ಬೆಳಿಗ್ಗೆ,” ಎಂದ. “ಕಾಫಿ ಕುಡೀತಾ.”

“ಹಂಗಾದ್ರೆ ಆ ಮತ ಅಸಿಂಧು. ತಿದ್ದುಪಡಿ ಬಿತ್ತು.” ಹರ್ಲನ್ ಟೋಪಿಯಿಂದ ಕಣ್ಣೊರೆಸಿಕೊಂಡ. ಆದರೂ ಕಣ್ಣೀರಿಗಿಂತ ನಿಯಮ ಗಟ್ಟಿ. “ಅಧ್ಯಕ್ಷರ ಜಾಗಾನೂ ಖಾಲಿ. ಎಲ್ಲರೂ ಹೊರಗೆ ನಡೀರಿ, ಸಭೆ ಮುಂದುವರಿಸೋಣ.”

ಒಳಗೆ ವೆಂಡೆಲ್ ಅಮ್ಮನ ಕನ್ನಡಕ ತೆಗೆದು ಕಣ್ಣು ಮುಚ್ಚಿದ. ಏಸಿ ಆರಿಸಿದ. ಶವಸಂಸ್ಕಾರದವರಿಗೆ ಫೋನು ಮಾಡಿದ. ಮುಂದೂಡಿದ್ದ ಅಳುವನ್ನೆಲ್ಲ ಅವಳ ಮಡಿಲಿನಲ್ಲಿ ಅತ್ತು ಮುಗಿಸಿ, ಮುಖ ತೊಳೆದು ಹೊರಬಂದ.

ಅಂಗಳದಲ್ಲಿ ಹೊಸ ಅಧ್ಯಕ್ಷರ ಆಯ್ಕೆ ಮುಗಿದಿತ್ತು. ಡೊರೀನ್ ಸುತ್ತಿಗೆ ಚಾಚಿದಳು.

“ಬೇಜಾರಾಗ್ಬೇಡ ಮಗಾ. ಈ ಸಲ ಸಭೆಲಿ ಇಲ್ದೇ ಇದ್ದೋನು ನೀನೊಬ್ಬನೇ.”

“ನಾನಾ? ನಾನು ಇಲ್ಲಿ ಇರೋಕೇ ಆಗಲ್ವಲ್ಲ!”

“ಇರೋಕೆ ಆಗಲ್ಲ. ಆದ್ರೆ ಈ ಮನೆಗೆ ಈಗ ವಾರಸುದಾರರು ನೀವೇ ಅಲ್ವಾ?” ಮಧ್ಯಾಹ್ನ ಏಕವಚನದಲ್ಲಿ ಮಾತಾಡಿಸಿದ್ದ ಹರ್ಲನ್ ‘ನೀವು’ಗೆ ಏರಿದ್ದ. “ಮಾಲೀಕರಾಗೋಕೆ, ಅಧ್ಯಕ್ಷರಾಗೋಕೆ ವಯಸ್ಸಿನ ನಿಯಮ ಇಲ್ಲ. ವಾಸಕ್ಕೆ ಮಾತ್ರ. ಇಲ್ಲೊಂದು ಸಹಿ ಹಾಕಿ, ಅಧ್ಯಕ್ಷರೇ. ವಯಸ್ಸು ತುಂಬದ ವೆಂಡೆಲ್ ಪ್ರುಯಿಟ್ ಅನ್ನೋರು ಮನೆ ಖಾಲಿ ಮಾಡ್ಬೇಕು ಅಂತ ನೋಟೀಸು. ಇನ್ನೊಂದು ಇಲ್ಲಿ. ಹೆಣದ ಗಾಡಿ ಮೇಲೆ ಅಂಗಡಿ ಹೆಸರು ಬರ್ದಿರುತ್ತೆ; ಅಂಥ ಗಾಡಿ ಒಳಗೆ ಬರೋಕೆ ಅಧ್ಯಕ್ಷರ ಅಪ್ಪಣೆ ಬೇಕು.”

ವೆಂಡೆಲ್ ಎರಡಕ್ಕೂ ಸಹಿ ಹಾಕಿದ. ಮೊದಲು ಅಮ್ಮ ಹೋಗುವುದಕ್ಕೆ, ಆಮೇಲೆ ತಾನು ಹೋಗುವುದಕ್ಕೆ.

ಹರ್ಲನ್ ಕಾಗದ ಮಡಚಿ ಜೇಬಿಗಿಟ್ಟು, ಹೊರಡುವ ಮುಂಚೆ ಬಾಗಿಲಿನ ಕಡೆ ನೋಡಿದ. ‘ನಾನು ಚೆನ್ನಾಗಿದ್ದೇನೆ’ ಎಂಬ ಹಸಿರು ಚೀಟಿ ಗಾಳಿಗೆ ತೂಗಾಡುತ್ತಿತ್ತು.

“ಇದನ್ನ ಕತ್ತಲಾಗೋಕೆ ಮುಂಚೆ ತೆಗೀಬೇಕು ಅಂತ ನಿಯಮ ಇದೆ,” ಎಂದ. “ಅಧ್ಯಕ್ಷರೇ ಹಿಂಗ್ಮಾಡಿದ್ರೆ ಹೆಂಗೆ?”