ಸಾಹೇಬರ ಕಾಲ, ಅಕ್ಕೋರ ಕಾಲ

ಕಂಪ್ಯೂಟರ್ ಕಂಪನಿಯಲ್ಲಿ ನಗುವಂಥದ್ದು ಎಂತ ನಡೆಯುತ್ತದೆ ಎಂದು ನನ್ನ ಅತ್ತೆ ಆಗಾಗ ಕೇಳುತ್ತಾರೆ. ಕಂಪ್ಯೂಟರಿನಿಂದ ಏನೂ ನಡೆಯುವುದಿಲ್ಲ. ನಡೆಯುವುದೆಲ್ಲ ಅದರ ಮುಂದೆ ಕೂತವರಿಂದ, ಅವರಿಗಿಂತ ಹೆಚ್ಚಾಗಿ ಅವರನ್ನು ಅಲ್ಲಿ ಕೂರಿಸಿದವರಿಂದ. ಏಳು ವರ್ಷದಿಂದ ನೋಡುತ್ತಿದ್ದೇನೆ, ಒಂದು ತಿಂಗಳೂ ಖಾಲಿ ಹೋದದ್ದಿಲ್ಲ.

ನಮ್ಮದು ಕುಮಟೆಯಲ್ಲಿ, ಒಂದು ಹಾರ್ಡ್‌ವೇರ್ ಅಂಗಡಿಯ ಮಾಳಿಗೆ ಮೇಲಿರುವ ಎಂಟು ಜನರ ಕಂಪನಿ. ಮೀನಿನ ಬೋಟಿನವರ ಮೊಬೈಲಿಗೆ ಗಾಳಿ-ಮಳೆಯ ಸೂಚನೆ ಮುಟ್ಟಿಸುವ ಆ್ಯಪು, ಶಾಲೆಯ ವ್ಯಾನು ಎಲ್ಲಿಗೆ ಬಂತು ಎಂದು ಪಾಲಕರಿಗೆ ತೋರಿಸುವ ಆ್ಯಪು, ಇವೆರಡು ನಮ್ಮ ಮುಖ್ಯ ಕೆಲಸ. ಮಾಡುವವರು ಬೇರೆ. ಅದು ನಡೆಯದಿದ್ದಾಗ ಜನ ಫೋನ್ ಮಾಡಿ ಬೈಯುತ್ತಾರಲ್ಲ, ಆ ಫೋನ್ ಎತ್ತುವವಳು ನಾನು. ದಿನಾ ಹೊನ್ನಾವರದಿಂದ ಬಸ್ಸಿಗೆ ಬರುತ್ತೇನೆ. ಮಾಲೀಕರು ಮುಂಬೈಯಲ್ಲಿ ಇರುತ್ತಾರೆ. ಅವರು ಯಾರನ್ನು ಮುಖ್ಯಸ್ಥರೆಂದು ಕಳಿಸುತ್ತಾರೋ ಅವರ ಹಾಗೆ ನಮ್ಮ ಆಫೀಸು. ಇಲ್ಲಿಯವರೆಗೆ ಇಬ್ಬರು ಬಂದಿದ್ದಾರೆ. ಮೊದಲಿನವರು ಸಾಹೇಬರು, ಈಗಿನವರು ಅಕ್ಕೋರು.

ನಿಂತ ಮೀಟಿಂಗು

ಸಾಹೇಬರು ಪುಣೆಯ ದೊಡ್ಡ ಕಂಪನಿಯಲ್ಲಿ ಇದ್ದು ಬಂದವರು. ಕೆಟ್ಟವರಲ್ಲ. ನನ್ನ ಅಪ್ಪನಿಗೆ ಆಪರೇಷನ್ ಆದಾಗ ಕೇಳದೆಯೇ ರಜೆ ಕೊಟ್ಟವರು. ಆದರೆ ಹೆದರಿಕೆ ಇದ್ದಲ್ಲಿ ಮಾತ್ರ ಕೆಲಸ ಆಗುತ್ತದೆ ಎಂದು ಅವರು ಗಟ್ಟಿಯಾಗಿ ನಂಬಿದ್ದರು.

ಬಂದ ಮಾರನೇ ದಿನವೇ ನಿಂತುಕೊಂಡು ಮಾಡುವ ಮೀಟಿಂಗ್ ಶುರು ಮಾಡಿದರು. ನಿಂತರೆ ಕಾಲು ನೋಯುತ್ತದೆ, ಕಾಲು ನೋವಾದರೆ ಮಾತು ಬೇಗ ಮುಗಿಯುತ್ತದೆ, ಹತ್ತೇ ನಿಮಿಷ ಎಂದು ವಿವರಿಸಿದರು. ಲೆಕ್ಕಾಚಾರ ಸರಿಯಾಗಿಯೇ ಇತ್ತು. ಆದರೆ ಮಾತಾಡುವವರು ಸಾಹೇಬರು ಒಬ್ಬರೇ, ಮತ್ತು ಅವರು ಕುರ್ಚಿಯ ಮೇಲೆ ಕೂತಿರುತ್ತಿದ್ದರು. ಕಾಲು ನೋವು ನಮಗೆ, ಮಾತು ಅವರದು. ಮೀಟಿಂಗ್ ಒಂದು ತಾಸು ಹೋಗುತ್ತಿತ್ತು. ಯಾರದಾದರೂ ತಪ್ಪು ಓದಿ ಹೇಳುವಾಗ ಉಳಿದವರೆಲ್ಲ ತಲೆ ತಗ್ಗಿಸಿ ನೆಲ ನೋಡುತ್ತಿದ್ದೆವು.

ಒಂದು ದಿನ ಕೆಳಗಿನ ಹಾರ್ಡ್‌ವೇರ್ ಅಂಗಡಿಯವರು ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿಕೊಂಡರು. ಅವರ ಧ್ವನಿ ತಗ್ಗಿತ್ತು.

"ತಂಗಿ, ಕೇಳಬಾರದು, ಆದರೂ ಕೇಳ್ತೆ. ಎದುರಿನ ನಮ್ಮ ಗೋದಾಮಿನ ಮಾಳಿಗೆ ಕಿಟಕಿಯಿಂದ ದಿನಾ ಕಾಣ್ತದೆ. ಎಲ್ಲರೂ ತಲೆ ತಗ್ಗಿಸಿ ಮೌನ ನಿಂತಿರ್ತೀರಿ. ನಿಮ್ಮ ಕಂಪನಿಯಲ್ಲಿ ದಿನಕ್ಕೊಬ್ಬರು ತೀರ್ಕೊಳ್ತಾರಾ?"

ಆತು ಸರ್

ಸಾಹೇಬರಿಗೆ 'ಇಲ್ಲ' ಎಂಬ ಶಬ್ದ ಆಗುತ್ತಿರಲಿಲ್ಲ. ಇದು ಶುಕ್ರವಾರದೊಳಗೆ ಆಗಬೇಕು ಎಂದರೆ ನಾವು "ಆತು ಸರ್" ಅನ್ನುತ್ತಿದ್ದೆವು. ಆಗದು ಎಂದು ಗೊತ್ತಿದ್ದರೂ ಅಷ್ಟೇ.

ಬೋಟಿನವರ ಆ್ಯಪಿನಲ್ಲಿ ಒಂದು ಕೆಂಪು ಗುಂಡಿ ಇಡಬೇಕಿತ್ತು. ಸಮುದ್ರದಲ್ಲಿ ಅಪಾಯ ಆದರೆ ಅದನ್ನು ಒತ್ತಬೇಕು, ಕೂಡಲೇ ದಡದಲ್ಲಿರುವವರ ಫೋನು ಕೂಗಬೇಕು. ಆ ಕೆಲಸ ನಮ್ಮಲ್ಲಿ ಆ್ಯಪು ಬರೆಯುವ ಹುಡುಗ, ಸಂತೆಗುಳಿ ಊರಿನವನದು. ಒಳ್ಳೆ ಹುಷಾರಿ ಮನುಷ್ಯ, ಆದರೆ ಸಾಹೇಬರ ಎದುರಿಗೆ ಬಂದರೆ 'ಆತು' ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ. ಸಾಹೇಬರು ದಾಟಿ ಹೋಗುವಾಗ, "ಗುಂಡಿ?" ಎಂದರು. "ಆತು ಸರ್," ಎಂದ. ಸಾಹೇಬರು ಅದನ್ನು ಹಾಗೆಯೇ ಮುಂಬೈಗೆ ತಿಳಿಸಿದರು. ಮುಂಬೈಯವರು ತದಡಿಯ ಬೋಟಿನವರ ಸಂಘಕ್ಕೆ ತಿಳಿಸಿದರು. ಮುಂದಿನ ವಾರ ಬಂದರಿನಲ್ಲಿ ಪೆಂಡಾಲು, ಮೈಕು, ಕುರ್ಚಿ ಎಲ್ಲ ಆಯಿತು.

ಸಂಘದ ಅಧ್ಯಕ್ಷರು ಹಿರಿಯರು, ಮೂವತ್ತು ವರ್ಷ ಬೋಟು ನಡೆಸಿದವರು. ಅವರೇ ವೇದಿಕೆ ಮೇಲೆ ನಿಂತು ಗುಂಡಿ ಒತ್ತಿದರು. ಏನೂ ಆಗಲಿಲ್ಲ. ಇನ್ನೊಮ್ಮೆ ಒತ್ತಿದರು. ಬೆರಳಿಗೆ ಮೀನಿನ ಎಣ್ಣೆ ಇರಬೇಕು ಎಂದು ಪಂಚೆಗೆ ಒರೆಸಿಕೊಂಡು ಮತ್ತೆ ಒತ್ತಿದರು.

ಸಾಹೇಬರು ಸಂತೆಗುಳಿಯವನ ಕಡೆ ತಿರುಗಿದರು. "ಆಯ್ತು ಅಂದಿದ್ರಲ್ಲ?"

"ಆತು ಅಂದ್ರೆ ಮಾಡ್ತೇನೆ ಅಂತ ಸರ್. ಮಾಡಿದೆ ಅಂತ ಅಲ್ಲ."

ಅಧ್ಯಕ್ಷರು ಸಿಟ್ಟು ಮಾಡಲಿಲ್ಲ. ಫೋನು ಮೇಜಿನ ಮೇಲಿಟ್ಟು ಹೇಳಿದರು: "ನಮ್ಮ ಬೋಟಿಗೆ ನೀರು ನುಗ್ಗಿದ್ರೆ ಮೊದಲು ಕಂಡವ ಕೂಗ್ತಾನೆ. ಕೂಗಿದವನಿಗೆ ತಾಂಡೇಲ ಬೈಯೂದಿಲ್ಲ. ಬೈದ್ರೆ ಮುಂದಿನ ಸಲ ಅವ ಕೂಗೂದಿಲ್ಲ, ಎಲ್ಲರೂ ಒಟ್ಟಿಗೆ ಮುಳುಗ್ತೇವೆ." ಬೋಟು ನಡೆಸುವ ಮುಖ್ಯಸ್ಥನಿಗೆ ನಮ್ಮಲ್ಲಿ ತಾಂಡೇಲ ಎನ್ನುತ್ತಾರೆ. ಆ ಮಾತು ನನ್ನ ಮನಸ್ಸಿಗೆ ನಾಟಿತು. ಸಾಹೇಬರಿಗೂ ನಾಟಿರಬೇಕು. ವಾಪಸು ಬರುವಾಗ ವ್ಯಾನಿನ ಮುಂದಿನ ಸೀಟಿನಿಂದ ತಿರುಗಿ ಹೇಳಿದರು: "ಇನ್ನು ಮುಂದೆ ಈ ಆಫೀಸಿನಲ್ಲಿ ಯಾರೂ ಆತು ಅನ್ನಬಾರದು. ತಿಳಿಯಿತಾ?"

ನಾವೆಲ್ಲ ಒಟ್ಟಿಗೆ ಹೇಳಿದೆವು, "ಆತು ಸರ್."

ಪೆಟ್ಟಿಗೆಯೊಳಗಿನ ಚೀಟಿ

ಆಮೇಲೆ ಸಾಹೇಬರು ಬದಲಾಗಲು ನೋಡಿದರು, ಸುಳ್ಳು ಹೇಳಬಾರದು. ಸಲಹೆ ಪೆಟ್ಟಿಗೆ ಒಂದನ್ನು ತರಿಸಿದರು. ಮನಸ್ಸಿನಲ್ಲಿ ಇದ್ದದ್ದು ಬರೆಯಿರಿ, ಹೆಸರು ಬೇಡ ಎಂದರು. ಆದರೆ ಪೆಟ್ಟಿಗೆ ಇಟ್ಟದ್ದು, ನಮ್ಮ ಮೇಲೆ ಕಣ್ಣಿಡಲು ಗೋಡೆಗೆ ಹಾಕಿಸಿದ್ದ ಕ್ಯಾಮೆರಾದ ಸರಿಯಾಗಿ ಕೆಳಗೆ.

ಹದಿನೈದು ದಿನದ ನಂತರ ಬೀಗ ತೆಗೆದರೆ ಒಂದೇ ಒಂದು ಚೀಟಿ. 'ಮೀಟಿಂಗಿಗೆ ಎಲ್ಲರಿಗೂ ಕುರ್ಚಿ ಕೊಡಿ.'

"ಯಾರು ಬರೆದದ್ದು? ಹೆದರಬೇಡಿ," ಎಂದರು ಸಾಹೇಬರು. ಅವರು ಹೆದರಬೇಡಿ ಎಂದಾಗಲೇ ನಮಗೆ ಹೆಚ್ಚು ಹೆದರಿಕೆ. ಎಲ್ಲರೂ ನೆಲ ನೋಡಿದೆವು. ಬಾಗಿಲ ಹತ್ತಿರ ಪೊರಕೆ ಹಿಡಿದು ನಿಂತಿದ್ದ, ನಮ್ಮ ಆಫೀಸು ಗುಡಿಸಿ ಒರೆಸುವ ಬಾಯಮ್ಮ ಕೈ ಎತ್ತಿದರು.

"ನಾನು ಬರ್ಸಿದ್ದು ಸಾಹೇಬ್ರೇ. ಮಗಳ ಹತ್ರ ಬರ್ಸಿದೆ."

"ನೀವು ಮೀಟಿಂಗಿಗೇ ಬರುವುದಿಲ್ಲವಲ್ಲ?"

"ಬರೂದಿಲ್ಲ. ಆದ್ರೆ ಇವರೆಲ್ಲ ದಿನಾ ಅದೇ ಜಾಗದಲ್ಲಿ ತಾಸುಗಟ್ಲೆ ನಿಂತು ನಿಂತು ಜೋಡಿ ಜೋಡಿ ಕಾಲಿನ ಗುರುತು ಬಿದ್ದಿದೆ. ಎಷ್ಟು ತಿಕ್ಕಿದ್ರೂ ಹೋಗೂದಿಲ್ಲ."

ಉಳಿದದ್ದು ನಾಳೆ

ಸಾಹೇಬರಿಗೆ ಬೇರೆ ಊರಿನಲ್ಲಿ ದೊಡ್ಡ ಹುದ್ದೆ ಸಿಕ್ಕಿತು. ಹಾರ ಹಾಕಿ ಕಳಿಸಿದೆವು. ಅವರ ಜಾಗಕ್ಕೆ ಬಂದವರು ತದಡಿಯವರೇ, ಬೋಟಿನ ಮನೆಯ ಮಗಳು. ಮೊದಲು ಕುಮಟೆಯ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು, ಆಮೇಲೆ ಆ್ಯಪು ಮಾಡುವ ಬೇರೊಂದು ಕಂಪನಿಯಲ್ಲಿ ಇದ್ದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುವುದು ರೂಢಿ. ನಮ್ಮಲ್ಲಿ ಇಬ್ಬರು ಅವರ ಹಳೆ ವಿದ್ಯಾರ್ಥಿಗಳು, ಹಾಗಾಗಿ ಬಂದ ದಿನದಿಂದ ಅವರು ಎಲ್ಲರಿಗೂ ಅಕ್ಕೋರು.

ಮೊದಲ ದಿನ ಎಲ್ಲರನ್ನೂ ಕೂರಿಸಿ ಚಾ ತರಿಸಿದರು. "ನನ್ನ ಹಿಂದಿನ ಕೆಲಸದಲ್ಲಿ ನಾನು ಮಾಡಿದ ಒಂದು ದೊಡ್ಡ ತಪ್ಪು ಹೇಳ್ತೆ," ಎಂದು ಶುರು ಮಾಡಿದರು. ಒಂದು ಆಸ್ಪತ್ರೆಯ ಟೋಕನ್ನಿನ ಆ್ಯಪಿನಲ್ಲಿ ಅವರ ಕೈತಪ್ಪಿನಿಂದ ಹಲ್ಲು ನೋವಿನವರೆಲ್ಲ ಹೆರಿಗೆ ವಿಭಾಗದ ಮುಂದೆ ಸಾಲು ನಿಂತಿದ್ದರಂತೆ. ಅದರಲ್ಲಿ ಒಬ್ಬರು ಮೀಸೆಯ ಅಜ್ಜ. ನಾವು ನಕ್ಕು ಮುಗಿಸಿದ ಮೇಲೆ ಕೇಳಿದರು, "ಈಗ ನಿಮ್ಮಲ್ಲಿ ಯಾರಾದ್ರೂ?"

ಸಂತೆಗುಳಿಯವ ಬ್ಯಾಗಿನಿಂದ ಒಂದು ನೋಟ್‌ಬುಕ್ಕು ತೆಗೆದ. ನಾಲ್ಕು ವರ್ಷದಿಂದ ಯಾರಿಗೂ ಹೇಳದ ತಪ್ಪುಗಳನ್ನು ಅದರಲ್ಲಿ ಬರೆದಿಟ್ಟುಕೊಂಡಿದ್ದ. ಒಂದೊಂದೇ ಓದತೊಡಗಿದ. ಅವನಿಗೆ ನಡುನಡುವೆ ಮನೆಯಲ್ಲಿ ಆಡುವ ಭಾಷೆ ಬರತೊಡಗಿತು, ಅಷ್ಟು ಹಗುರಾಗಿದ್ದ. ಅದರಲ್ಲಿ ಒಂದು, ಗೋಡೆ ಮೇಲಿನ ಕ್ಯಾಮೆರಾದ ವೈರು ಎರಡು ವರ್ಷದ ಹಿಂದೆ ಅವನ ಕಾಲಿಗೆ ಸಿಕ್ಕಿ ತುಂಡಾಗಿತ್ತು, ಹೇಳಲು ಹೆದರಿ ಟೇಪು ಸುತ್ತಿ ಬಿಟ್ಟಿದ್ದ. ಎರಡು ವರ್ಷ ನಾವು ಆ ಸತ್ತ ಕ್ಯಾಮೆರಾದ ಮುಂದೆ ಆಕಳಿಕೆಯನ್ನೂ ನುಂಗಿಕೊಂಡು ಕೂತಿದ್ದೆವು.

ಊಟದ ಹೊತ್ತಾಯಿತು. ಅಕ್ಕೋರು ಗಡಿಯಾರ ನೋಡಿದರು. "ಮುಗೀತನಾ?"

ಅವನು ಪುಟ ತಿರುಗಿಸಿ, "ಇಲ್ಲೆ ಅಕ್ಕೋರೇ, ಇನ್ನೂ ಇದ್ದು. ಇದು ಬರೀ ಮೊದಲನೇ ವರ್ಷದ್ದು," ಎಂದ.

ಒದ್ದೆ ನೆಲ

ಅಕ್ಕೋರ ಕಾಲದಲ್ಲಿ ನಾವು 'ಆಗುವುದಿಲ್ಲ' ಅನ್ನಲು ಕಲಿತೆವು. ಮೊದಮೊದಲು ನಾಲಿಗೆ ಹೊರಳುತ್ತಿರಲಿಲ್ಲ. ರೂಢಿಯಾದ ಮೇಲೆ ಕೆಂಪು ಗುಂಡಿ ಮೂರೇ ವಾರದಲ್ಲಿ ಆಯಿತು. 'ಶುಕ್ರವಾರಕ್ಕೆ ಆಗುವುದಿಲ್ಲ, ಮೂರು ವಾರ ಬೇಕು' ಎಂದು ಸಂತೆಗುಳಿಯವನೇ ಹೇಳಿದ್ದು. ಈಗ ಭಟ್ಕಳದ ಬೋಟಿನವರೂ ನಮ್ಮ ಆ್ಯಪು ಹಾಕಿಕೊಂಡಿದ್ದಾರೆ. ಅವರ ಫೋನ್ ಎತ್ತಲು ಹೆಬಳೆಯ ಹುಡುಗಿಯೊಬ್ಬಳು ಬಂದಿದ್ದಾಳೆ. ನವಾಯತಿ, ಉರ್ದು, ಕೊಂಕಣಿ ಎಲ್ಲದರಲ್ಲೂ ಬೈಸಿಕೊಳ್ಳಬಲ್ಲಳು.

ಈ ಧೈರ್ಯ ಎಲ್ಲಿಗೆ ಮುಟ್ಟಿತೆಂದರೆ, ಒಮ್ಮೆ ಮುಂಬೈಯ ಮಾಲೀಕರು ತಿಳಿಸದೇ ಬಂದರು. ಬಾಯಮ್ಮ ನೆಲ ಒರೆಸುತ್ತಿದ್ದರು. "ಒಳಗೆ ಬರಬೇಡಿ, ಒದ್ದೆ ಇದೆ," ಎಂದರು.

"ನಾನು ಈ ಕಂಪನಿಯ ಮಾಲೀಕ."

"ಹಾಗಾದ್ರೆ ನೆಲನೂ ನಿಮ್ದೇ ಆಯ್ತಲ್ಲ. ಒಣಗೂವರೆಗೆ ನಿಲ್ಲಿ."

ಅವರು ಬೂಟು ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಕೂತದ್ದನ್ನು ನಾನೇ ನೋಡಿದ್ದೇನೆ.

ಎಲ್ಲರೂ ಕೂಡಲೇ ಬನ್ನಿ

ಕೊನೆಯದು ನನ್ನದೇ. ಬೇರೆಯವರದ್ದು ಹೇಳಿ ನನ್ನದು ಬಿಟ್ಟರೆ ನ್ಯಾಯ ಅಲ್ಲ.

ಬೆಳಿಗ್ಗೆ ಹನ್ನೊಂದು ಗಂಟೆ. ಮೆಸೇಜು ಕಳಿಸುವ ಹೊಸ ವ್ಯವಸ್ಥೆಯನ್ನು ನಾನು ಪರೀಕ್ಷೆ ಮಾಡಬೇಕಿತ್ತು. ಆಫೀಸಿನ ಎಂಟು ಫೋನಿಗೆ ಮಾತ್ರ ಒಂದು ಮೆಸೇಜು ಹೋಗಬೇಕು. ಅದೇ ಹೊತ್ತಿಗೆ ಅಕ್ಕೋರು ಒಳಗಿನಿಂದ ಎಲ್ಲರನ್ನೂ ಚಾಕ್ಕೆ ಕರೆದರು. ಪರೀಕ್ಷೆಗೆ ಅದೇ ಸಾಕು ಎಂದು ಟೈಪು ಮಾಡಿದೆ: 'ಅಕ್ಕೋರು ಕರೀತಿದ್ದಾರೆ. ಎಲ್ಲರೂ ಕೂಡಲೇ ಬನ್ನಿ.' ಒತ್ತಿದೆ. ನಮ್ಮ ಎಂಟೂ ಫೋನು ಗುಂಯ್ ಎಂದವು. ಖುಷಿಯಾಯಿತು.

ಆಗ ಕೆಳಗೆ ಶಟರು ಎಳೆದ ಸದ್ದು. ಕಿಟಕಿಯಿಂದ ಬಗ್ಗಿ ನೋಡಿದರೆ ಹಾರ್ಡ್‌ವೇರ್ ಅಂಗಡಿಯವರು ಚಪ್ಪಲಿಯನ್ನೂ ಹಾಕದೆ ಬೈಕು ಹತ್ತಿ ಹೋಗುತ್ತಿದ್ದಾರೆ. ಅವರ ಮಗ ಶಾಲೆಯ ವ್ಯಾನಿಗೆ ಹೋಗುವವನು. ತಿರುಗಿ ಸ್ಕ್ರೀನು ನೋಡಿದೆ. 'ಆಫೀಸು' ಎಂದಿರಬೇಕಾದಲ್ಲಿ 'ಎಲ್ಲರೂ' ಎಂದಿತ್ತು. ಮೆಸೇಜು ತದಡಿಯಿಂದ ಭಟ್ಕಳದವರೆಗೆ ಎಲ್ಲ ಬೋಟಿನವರಿಗೆ, ವ್ಯಾನಿನ ಎಲ್ಲ ಪಾಲಕರಿಗೆ ಹೋಗಿತ್ತು. ಅವರಿಗೆಲ್ಲ ಅಕ್ಕೋರು ಎಂದರೆ ಮಕ್ಕಳ ಶಾಲೆಯ ಅಕ್ಕೋರು.

ಸಾಹೇಬರ ಕಾಲದಲ್ಲಾದರೆ ಆ ಮೆಸೇಜಿನ ದಾಖಲೆ ಅಳಿಸಿ, ಹೊಟ್ಟೆನೋವು ಎಂದು ಹೇಳಿ ಬಸ್ಸು ಹತ್ತುತ್ತಿದ್ದೆ. ಅಳಿಸುವ ಗುಂಡಿ ಈಗಲೂ ಕಣ್ಣೆದುರಿಗೇ ಇತ್ತು. ಎದ್ದು ಹೋಗಿ ಅಕ್ಕೋರ ಮುಂದೆ ನಿಂತೆ. "ಅಕ್ಕೋರೇ, ದೊಡ್ಡ ತಪ್ಪಾಗಿದೆ. ನನ್ನಿಂದ."

ಅವರು ಮೂರೇ ಪ್ರಶ್ನೆ ಕೇಳಿದರು. "ಎಂತ ಹೋಯ್ತು? ಯಾರಿಗೆ ಹೋಯ್ತು? ಎಷ್ಟು ಹೊತ್ತಾಯ್ತು?" ಯಾಕೆ ಮಾಡಿದೆ ಎಂದು ಕೇಳಲೇ ಇಲ್ಲ. ಕೂಡಲೇ ತಮ್ಮ ಹೆಸರಿನಲ್ಲಿ ಎರಡನೇ ಮೆಸೇಜು ಹಾಕಿದರು: 'ಹಿಂದಿನ ಮೆಸೇಜು ನಮ್ಮ ತಪ್ಪು. ಮಕ್ಕಳೆಲ್ಲ ಕ್ಷೇಮವಾಗಿದ್ದಾರೆ.'

ಅಲ್ಲಿಯವರೆಗೆ ಅರ್ಧ ಜನ ಮೊದಲನೇ ಮೆಸೇಜನ್ನು ನೋಡಿಯೇ ಇರಲಿಲ್ಲ. ಮಕ್ಕಳೆಲ್ಲ ಕ್ಷೇಮ ಎಂದು ಓದಿದ ಮೇಲೆ ಅವರೂ ಹೊರಟರು. ಫೋನುಗಳು ಒಂದೇ ಸಮನೆ ಬಡಿದುಕೊಳ್ಳತೊಡಗಿದವು. ಅಕ್ಕೋರು ತಲೆ ಮೇಲೆ ಕೈ ಇಟ್ಟುಕೊಂಡರು. "ಮೊದಲನೇದು ನಿನ್ನದು, ಎರಡನೇದು ನನ್ನದು. ನಡಿ, ಹೋಗಿ ಇಬ್ಬರೂ ಬೈಸಿಕೊಂಡು ಬರುವ." ಉಳಿದವರು ಒಬ್ಬೊಬ್ಬರು ಒಂದೊಂದು ಫೋನು ಹಿಡಿದು ಸಮಾಧಾನ ಹೇಳಲು ಕೂತರು. ನಾವಿಬ್ಬರು ಅಕ್ಕೋರ ಸ್ಕೂಟಿಯಲ್ಲಿ ತದಡಿಯ ಹತ್ತಿರದ ಶಾಲೆಗೆ ಹೋದೆವು. ಅಲ್ಲಿ ಹೆಚ್ಚು ಜನ ಸೇರಿದ್ದಾರೆ ಎಂದು ಸುದ್ದಿ ಬಂದಿತ್ತು.

ಶಾಲೆಯ ಅಂಗಳದಲ್ಲಿ ಕಾಲಿಡಲು ಜಾಗ ಇರಲಿಲ್ಲ. ಬಲೆ ಎಳೆಯುವುದನ್ನು ಬಿಟ್ಟು ಒದ್ದೆ ಚಡ್ಡಿಯಲ್ಲೇ ಬಂದವರು, ಮೀನಿನ ಬುಟ್ಟಿ ಹೊತ್ತುಕೊಂಡೇ ಬಂದ ತಾಯಂದಿರು. ಮಕ್ಕಳೆಲ್ಲ ಕಿಟಕಿಗೆ ಜೋತುಬಿದ್ದು ನೋಡುತ್ತಿದ್ದವು. ಅಕ್ಕೋರು ಮೆಟ್ಟಿಲ ಮೇಲೆ ನಿಂತು, "ತಪ್ಪು ನಮ್ಮ ಆಫೀಸಿನದು, ಕ್ಷಮೆ ಮಾಡಬೇಕು," ಎಂದು ಕೈ ಮುಗಿದರು. ನಾನು ಅವರ ಪಕ್ಕಕ್ಕೆ ಹೋಗಿ, "ಒತ್ತಿದವಳು ನಾನು," ಎಂದೆ. ಬುಟ್ಟಿ ಹೊತ್ತ ಒಬ್ಬ ಹೆಂಗಸು ಬೈಯಲು ಬಾಯಿ ತೆಗೆದವರು, "ಹೋಗ್ಲಿ, ಮಕ್ಕಳು ಚೆನ್ನಾಗಿದ್ವಲ್ಲ. ಗಾಳಿ ಬಂದ್ರೂ ಹೀಗೇ ಬೇಗ ಹೇಳಿ," ಎಂದು ನಕ್ಕುಬಿಟ್ಟರು. ಅವರು ನಕ್ಕದ್ದಕ್ಕೆ ಉಳಿದವರೂ ನಕ್ಕರು.

ಆ ಶಾಲೆಯ ಹೆಡ್ ಅಕ್ಕೋರು ಮಾತ್ರ ಬಹಳ ಸಂತೋಷದಲ್ಲಿದ್ದರು. ಪಾಲಕರ ಸಭೆ ಕರೆದರೆ ನಾಲ್ಕು ಜನ ಬರುವುದಿಲ್ಲವಂತೆ. ಸೇರಿದವರನ್ನು ಬಿಡದೆ ಅಲ್ಲೇ ಸಭೆ ನಡೆಸಿ, ಒಬ್ಬೊಬ್ಬರ ಮಕ್ಕಳ ವಿಷಯ ಮಾತಾಡಿ ಕಳಿಸಿದರು.

ಎಲ್ಲ ಹೋದ ಮೇಲೂ ಒಬ್ಬ ಅಜ್ಜ ಬೆಂಚಿನ ತುದಿಯಲ್ಲಿ ಕೈ ಕಟ್ಟಿಕೊಂಡು ಕೂತೇ ಇದ್ದರು. ಹೆಡ್ ಅಕ್ಕೋರು ಹತ್ತಿರ ಹೋಗಿ ಕೇಳಿದರು, "ನಿಮ್ಮ ಮೊಮ್ಮಗ ಯಾವ ಕ್ಲಾಸು ಅಜ್ಜ?"

ಅಜ್ಜ ಎದ್ದು ನಿಂತರು.

"ನನಗೆ ಮೊಮ್ಮಕ್ಕಳಿಲ್ಲ ಅಕ್ಕೋರೇ. ನಾಲ್ಕನೇ ಇಯತ್ತೆಯಲ್ಲಿ ಇದೇ ಶಾಲೆ ಗೋಡೆ ಹಾರಿ ದೋಣಿ ಹತ್ತಿದವ ನಾನು. ಅರವತ್ತು ವರ್ಷ ಆದ ಮೇಲೆ ನಿಮಗೆ ಗೊತ್ತಾಯ್ತು ಅಂತ ಮಾಡಿ ಬಂದೆ."