ಅತ್ತೆಯ ಹಾಡಿಗೆ ನಾನು ಕಟ್ಟಿದ ಬೆಲೆ

ನಮ್ಮ ಅತ್ತೆ ಕೊಟ್ರಮ್ಮ ಸೋಬಾನೆ ಹಾಡಿದರೆ ಅಳದ ಮದುಮಗಳು ಕೂಡ್ಲಿಗಿ ಸೀಮೆಯಲ್ಲೇ ಇರಲಿಲ್ಲ. ಹಾಡಿದ್ದಕ್ಕೆ ಅವರ ಉಡಿಗೆ ಬೀಳುತ್ತಿದ್ದುದು ಐದು ಹಿಡಿ ಅಕ್ಕಿ, ತೆಂಗಿನಕಾಯಿ, ಒಂದು ಕುಬುಸದ ಕಣ. ಇಂಥ ಪ್ರತಿಭೆಗೆ ಬರೀ ಒಂದು ಕಾಯಿಯೇ? ಅಳಿಯನಾದವನು ಸುಮ್ಮನಿರುವುದು ಧರ್ಮವಲ್ಲವೆಂದು ತೀರ್ಮಾನಿಸಿ, ಅವರನ್ನು ಹೊಸಪೇಟೆಗೆ ಕರೆದೊಯ್ದು ಹನ್ನೆರಡು ಹಾಡು ರೆಕಾರ್ಡ್ ಮಾಡಿಸಿದೆ. ಇನ್ನೂರು ಸೀಡಿ, ಬೆಲೆ ತಲಾ ನಲವತ್ತು ರೂಪಾಯಿ. ಮೇಲೆ ಅತ್ತೆಯ ಫೋಟೊ. ಅದಕ್ಕಿಂತ ತುಸು ದೊಡ್ಡದಾಗಿ ನಿರ್ಮಾಪಕರ ಫೋಟೊ, ಅಂದರೆ ನನ್ನದು.

ಪ್ರಚಾರಕ್ಕೆಂದು ಬಸ್ ಸ್ಟ್ಯಾಂಡಿನ ಮೊಬೈಲ್ ಅಂಗಡಿ ಮಂಜನಿಗೆ ಒಂದು ಸೀಡಿ ಪುಕ್ಕಟೆ ಕೊಟ್ಟು, "ಬಂದೋರಿಗೆಲ್ಲ ಕೇಳಿಸಪ್ಪ" ಎಂದೆ.

ವಾರ ಬಿಟ್ಟು ಹೋದರೆ ಅಂಗಡಿ ಮುಂದೆ ಜನವೋ ಜನ. ನನ್ನ ಎದೆ ಉಬ್ಬಿತು.

"ಎಷ್ಟು ಸೀಡಿ ತರ್ಲಿ ಮಂಜಾ?"

"ಸೀಡಿ ಯಾರಿಗೆ ಬೇಕ್ರಿ ಸಾರ್? ಇಪ್ಪತ್ತು ರೂಪಾಯಿಗೆ ಮೊಬೈಲ್ ಕಾರ್ಡ್ ತುಂಬ ಸಿನಿಮಾ ಹಾಡು ಹಾಕ್ತೀನಿ. ನಿಮ್ಮತ್ತಿಯವ್ರ ಹಾಡು ಮ್ಯಾಲ ಕೊಸರು."

ಕೊಸರು! ಸಂತೆಯಲ್ಲಿ ಬದನೆಕಾಯಿ ಕೊಂಡವರಿಗೆ ಕೊಡುವ ಕರಿಬೇವಿನ ಹಾಗೆ!

"ನೀವ ಹೇಳಿದ್ರಲ್ರಿ, ಬಂದೋರಿಗೆಲ್ಲ ಕೇಳಿಸು ಅಂತ" ಎಂದ ಮಂಜ.

ನಿಜವಾದ ಆಘಾತ ಕಾದಿದ್ದು ಕೋಗಳಿಯ ಮದುವೆಯಲ್ಲಿ. ಅತ್ತೆ ಇಳಕಲ್ ಸೀರೆ ಉಟ್ಟು, ಮೆಣಸಿನ ಕಾಳು ಅಗಿದು, ಗಂಟಲು ಸರಿಮಾಡಿಕೊಂಡು ಕೂತಿದ್ದರು. ಮದುಮಕ್ಕಳಿಗೆ ನೀರೆರೆಯುವ ಸುರಗಿಯ ಹೊತ್ತಿಗೆ ಹಾಡು ಶುರುವಾಯಿತು, ಸ್ಪೀಕರಿನಲ್ಲಿ! ಅತ್ತೆಯದೇ ದನಿ. ಹೆಂಗಸರೆಲ್ಲ ಸ್ಪೀಕರಿನ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಕೊನೆಗೆ ಮೈಕ್‌ಸೆಟ್ಟಿನವನಿಗೆ ಕಾಯಿ, ಟವೆಲ್ ಕೊಟ್ಟು ಮರ್ಯಾದೆ ಮಾಡಿದರು. ಅತ್ತೆ ಬರಿ ಉಡಿಯಲ್ಲಿ ಬಸ್ಸು ಹತ್ತಿದರು.

ಆಮೇಲೆ ನಾಲ್ಕು ಮದುವೆಯಾದವು. ಕರೆಯಲು ಒಬ್ಬರೂ ಬರಲಿಲ್ಲ.

ತುಂಬು ಬಸುರಿಯಾಗಿದ್ದ ನನ್ನ ಹೆಂಡತಿ ಶಾಂತಾ ಸಿಡಿದಳು. "ನಮ್ಮವ್ವ ಕಾಯಿ ಆಸೆಗೆ ಹಾಡ್ತಿದ್ಲು ಅಂದ್ಕೊಂಡ್ರೇನ್ರಿ? ಕುಂಕುಮ ಹಿಡ್ಕೊಂಡು ಮನಿಗೆ ಬಂದು ಕರೀತಿದ್ರು. ಅದಕ್ಕ ಹಾಡ್ತಿದ್ಲು."



ಮಗಳು ಹುಟ್ಟಿ, ಅತ್ತೆಯ ಮನೆಯಲ್ಲೇ ತೊಟ್ಟಿಲು ಕಾರ್ಯ ನಡೆಯಿತು. "ಅತ್ತೀ, ಒಂದು ಜೋಗುಳ ಹಾಡ್ರಿ" ಎಂದೆ.

"ಸೀಡಿ ಹಾಕ್ರಿ ಅಳಿಯಂದ್ರ. ಇನ್ನೂ ನೂರಾ ತೊಂಬತ್ತೊಂಬತ್ತು ಅದಾವಲ್ಲ."

ಬಂದವರೆಲ್ಲ ನನ್ನನ್ನೇ ನೋಡಿದರು. ಕೈ ಮುಗಿದೆ.

"ಹಂಗಲ್ಲ. ಹೊರಗ ಹೋಗಿ, ಕರಿಯಾಕ ಬಂದೋರಂಗ ಬರ್ರಿ."

ನಿರ್ಮಾಪಕರು ಬೀದಿಗಿಳಿದರು. ಶಾಂತಾಳ ತಂಗಿಯ ಕೈಗೆ ಕುಂಕುಮದ ಬಟ್ಟಲು ಕೊಟ್ಟು, ಹಿಂದೆ ನಾನು ಕಾಯಿ, ಅಕ್ಕಿ, ಕಣದ ತಟ್ಟೆ ಹೊತ್ತು ಹೊಸ್ತಿಲಲ್ಲಿ ನಿಂತು, "ನಮ್ಮ ಮನಿ ಕಾರ್ಯಕ್ಕ ಬಂದು ಹಾಡಬೇಕ್ರಿ" ಎಂದೆ. ಅತ್ತೆ ಕುಂಕುಮ ಹಚ್ಚಿಸಿಕೊಂಡರು. ಕಣ್ಣು ತುಂಬಿತ್ತು. ತೊಟ್ಟಿಲ ಬಳಿ ಕೂತು ರೊಟ್ಟಿ ಬುಟ್ಟಿಯನ್ನು ಮುಂದೆ ಸರಿಸಿದರು.

"ಎಲ್ಲಾರೂ ಮೊಬೈಲ್ ಇದ್ರಾಗ ಹಾಕ್ರಿ. ಅಳಿಯಂದ್ರ, ಮೊದ್ಲು ನಿಮ್ದು."

ಹಾಕಿದೆ. ಅದರಲ್ಲಿ ರೆಕಾರ್ಡಿಂಗ್ ಆಗಲೇ ಶುರುವಾಗಿತ್ತು.