ವೀನಸ್‌ಗೆ ಅಪ್ಪ ಮಾಡಿದ ಕೈಗಳು

ಮನೆತನದಲ್ಲಿ ಮೊಟ್ಟಮೊದಲು ಪದವಿ ಪಡೆದವನ ಕಷ್ಟ ಉಳಿದವರಿಗೆ ಸುಲಭವಾಗಿ ಅರ್ಥವಾಗುವುದಿಲ್ಲ. ಪದವಿಯ ಜೊತೆಗೆ ಅವನು ಏನೇನೋ ಹೊತ್ತು ತರುತ್ತಾನೆ, ಅದಕ್ಕೆಲ್ಲ ಮನೆಯಲ್ಲಿ ಜಾಗ ಹುಡುಕಬೇಕಾಗುತ್ತದೆ. ನಾನು ತಂದದ್ದು ಒಬ್ಬ ದೇವತೆಯನ್ನು. ಹಗಲೆಲ್ಲ ಕಲ್ಯಾಣದ ಗೋದಾಮಿನಲ್ಲಿ ಚೀಲ ಇಳಿಸಿ, ಸಂಜೆ ಕಾಲೇಜಿಗೆ ಓಡಿ, ಇತಿಹಾಸದಲ್ಲಿ ಬಿ.ಎ. ಮುಗಿಸಿದಾಗ ನಮ್ಮ ಪ್ರೊಫೆಸರರು ತಮ್ಮ ಕಪಾಟಿನ ಮೇಲಿದ್ದ ವೀನಸ್ಸನ್ನು ನನಗೆ ಕೊಟ್ಟುಬಿಟ್ಟರು. ಮೊಣಕಾಲೆತ್ತರದ ಪ್ಲಾಸ್ಟರ್ ನಕಲು. ಮೂಲ ಅಮೃತಶಿಲೆಯದು, ಗ್ರೀಕರ ಪ್ರೇಮದೇವತೆ. ಸೊಂಟದಿಂದ ಮೇಲೆ ಬಟ್ಟೆಯಿಲ್ಲ, ಎರಡೂ ತೋಳಿಲ್ಲ. ಮರ್ಯಾದೆಗೆಂದು ಟವೆಲಿನಲ್ಲಿ ಸುತ್ತಿ, ಲೋಕಲ್ ರೈಲಿನ ನೂಕಾಟದಲ್ಲಿ ಎದೆಗವಚಿಕೊಂಡು ನಿಂತೆ. ಹಸುಗೂಸೆಂದು ತಿಳಿದು ಒಬ್ಬ ಪುಣ್ಯಾತ್ಮ ಸೀಟು ಕೊಟ್ಟ.

ಆಗ ನಾವಿದ್ದದ್ದು ಬದಲಾಪುರದ ಚಾಳಿನ ಒಂದೇ ಖೋಲಿಯಲ್ಲಿ. ಅಪ್ಪ ವಿಜಯಪುರದ ಕಡೆಯಿಂದ ಬಂದ ಗೌಂಡಿ, ಊರಿನವರ ಗೋಡೆಗಳಿಗೆಲ್ಲ ಗಿಲಾವು ಮಾಡುತ್ತಿದ್ದ. ಅವ್ವ ಟವೆಲು ಬಿಚ್ಚಿ ನೋಡಿದವಳು ಮತ್ತೆ ಸುತ್ತಿಟ್ಟಳು.

“ಕೈ ಮುರದ ಮೂರ್ತಿ ಮನ್ಯಾಗ ಇಡಬಾರದು ತಮ್ಮಾ. ನಾಳಿ ಹೊಳಿಗೆ ಬಿಟ್ಟು ಬಾ.”

“ಇದು ಇರೋದ ಹಿಂಗಬೇ. ಜಗತ್ತೆಲ್ಲ ಹಿಂಗ ನೋಡತೈತಿ.”

“ಯಾವ ದೇವರಿದು?”

ಅಪ್ಪನೆದುರು ಪ್ರೇಮ ಎನ್ನಲು ನಾಲಿಗೆ ಏಳಲಿಲ್ಲ. “ಗಂಡ ಹೆಂಡತಿ ಚಂದಂಗಿರಲಿ ಅಂತ ಹರಸಾಕಿ” ಎಂದೆ.

“ತನ್ನ ಸೀರಿ ಜಾರಾಕ ಹತ್ತೈತಿ, ಹಿಡಕೊಳ್ಳಾಕ ಕೈಯಿಲ್ಲ. ಇನ್ನೊಬ್ಬರಿಗೇನ ಹರಸತಾಳ” ಎಂದಳು ಅವ್ವ.

ನಾನು ಪುಸ್ತಕ ತೆರೆದು ಉಪನ್ಯಾಸಕ್ಕೇ ಕುಳಿತೆ. ಗ್ರೀಕರು ಕಡೆದದ್ದು, ರೋಮನರು ನಕಲು ಮಾಡಿಸಿದ್ದು, ಮೂಲಗಳು ಕಳೆದುಹೋಗಿ ಎಷ್ಟೋ ಕಡೆ ನಕಲುಗಳಷ್ಟೇ ಉಳಿದದ್ದು, ಒಡೆದದ್ದನ್ನು ಒಡೆದಂತೆಯೇ ಇಡುವುದು ವಿದ್ಯಾವಂತರ ಪದ್ಧತಿ. ತಂಬಾಕು ತಿಕ್ಕುತ್ತಿದ್ದ ಅಪ್ಪ ಎಲ್ಲವನ್ನೂ ಕೇಳಿ, “ಮೂರ್ತಿ ಮನ್ಯಾಗ ಉಳೀಬೇಕು, ಅಷ್ಟ ಹೌದಲ್ಲ? ಕೈ ಹಚ್ಚಿಬಿಡೂಣು” ಎಂದ. ಹೊಳೆಯೋ ಕೈಯೋ, ಆಯ್ಕೆ ನನ್ನದಾಗಿತ್ತು. ಕಾಲೇಜಿನ ಏಕೈಕ ಬಹುಮಾನ ನೀರುಪಾಲಾಗುವುದಕ್ಕಿಂತ ಕೈ ಬರಲಿ ಎಂದು ಒಪ್ಪಿಕೊಂಡೆ.

ಭಾನುವಾರ ಅಪ್ಪ ತಂತಿ ಬಾಗಿಸಿ, ಸೈಟಿನಲ್ಲಿ ಉಳಿದಿದ್ದ ಪಿಒಪಿ ಕಲಸಿ ಕುಳಿತ. ನೋಡಿ ಮಾಡಲು ಒಂದು ಕೈ ಬೇಕಲ್ಲ, ಅವ್ವನನ್ನು ಕೂರಿಸಿದ. ಸೆರಗು ಹಿಡಿದಂತೆ ಒಂದು ಕೈ, ಎದೆಗೆ ಅಡ್ಡವಾಗಿ ಇನ್ನೊಂದು.

“ಏ, ಅಲ್ಲಾಡಬ್ಯಾಡ.”

“ಒಲಿ ಮ್ಯಾಲ ಸಾರೈತ್ರಿ.”

“ಕುದೀಲಿ ಬಿಡು.”

ಒಂದೊಂದು ಬೆರಳನ್ನೂ ಹಿಡಿದು, ಹೊರಳಿಸಿ, ಗಂಟುಗಳನ್ನು ತಡವಿ ನೋಡಿ ಅಪ್ಪ ಪ್ಲಾಸ್ಟರ್ ತಿದ್ದುತ್ತಿದ್ದ. ಅಪ್ಪ ಅವ್ವನ ಕೈ ಹಿಡಿದದ್ದನ್ನು ಅಲ್ಲಿಯವರೆಗೆ ನಾನು ಕಂಡಿರಲಿಲ್ಲ. ಪಕ್ಕದ ಖೋಲಿಯ ಮರಾಠಿ ಸೊಸೆ ಬಾಗಿಲಲ್ಲಿ ಇಣುಕಿ, “ಕಾಕೂ, ಪರತ್ ಲಗ್ನ ಲಾಗ್ಲ ಕಾ?” ಎಂದು, ಮತ್ತೊಮ್ಮೆ ಮದುವೆಯೇನು ಎಂದು ಚಾಳಿಗೆಲ್ಲ ಕೇಳಿಸುವಂತೆ ನಕ್ಕಳು. ಅವ್ವ ತಲೆ ತಗ್ಗಿಸಿದಳು, ಕೈ ಬಿಡಿಸಿಕೊಳ್ಳಲಿಲ್ಲ. ಸಾರು ಸೀದಿತು. ಪ್ರೇಮದೇವತೆ ನಮ್ಮ ಖೋಲಿಯಲ್ಲಿ ಮಾಡಿದ ಕೆಲಸ ಅದೊಂದೇ ಇರಬೇಕು, ಆದರೆ ಚೆನ್ನಾಗಿ ಮಾಡಿದಳು.

ಕೈಗಳೇನೋ ಬಂದವು. ಗ್ರೀಕ್ ಸುಂದರಿಯ ಭುಜಕ್ಕೆ ನೀರಿನ ಕೊಡ ಹೊತ್ತು ಹೊತ್ತು ದಪ್ಪವಾದ ಅವ್ವನ ಮಣಿಕಟ್ಟು, ಅದರ ಮೇಲೆ ಅಪ್ಪ ಆಯಿಲ್ ಪೇಂಟಿನಲ್ಲಿ ಬರೆದ ಹಸಿರು ಬಳೆ. ಪದವೀಧರನಾದ ನನಗೆ ಅಳುವೇ ಬಂತು. ಅವ್ವ ಮಾತ್ರ “ಈಗ ಮನಷ್ಯಾಳಂಗ ಕಾಣತಾಳ ನೋಡು” ಎಂದು ಬಟ್ಟೆ ತೂಗುಹಾಕುವ ಗೂಟದ ಪಕ್ಕ ಹಲಗೆಯ ಮೇಲೆ ಕೂರಿಸಿದಳು.

ಈಗ ನಾನಿರುವುದು ಕೋಪರಖೈರಣೆಯ ಫ್ಲ್ಯಾಟಿನಲ್ಲಿ. ಅಪ್ಪನಿಲ್ಲ, ಅವ್ವನಿಲ್ಲ. ದೇವತೆ ಟೀವಿಯ ಪಕ್ಕದಲ್ಲಿ ಸೆರಗು ಹಿಡಿದು ನಿಂತಿದ್ದಾಳೆ. ಚಿತ್ರಕಲೆ ಓದುತ್ತಿರುವ ಮಗಳು ಪ್ರಾಚಿಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ಮೊನ್ನೆ ಗೆಳತಿಯರು ಬರುತ್ತಾರೆಂದು ಕೈಯಲ್ಲಿ ಗರಗಸದ ಬ್ಲೇಡು ಹಿಡಿದು ಬಂದಳು.

“ಪಪ್ಪಾ, ಯೇ ಹಾಥ್ ಗಲತ್ ಹೈ. ಓರಿಜಿನಲ್ ಐಸಾ ನಹೀ ಹೈ. ನಿಕಾಲ್ ದೂ ಕ್ಯಾ?”

ಈ ಕೈ ತಪ್ಪು, ಮೂಲದಲ್ಲಿಲ್ಲ, ತೆಗೆದುಬಿಡಲೇ ಎಂದು ಕೇಳಿದವಳು ಆಮೇಲೆ ಗ್ರೀಕರು, ರೋಮನರು, ಒಡೆದದ್ದನ್ನು ಒಡೆದಂತೆ ಇಡಬೇಕು, ಎಲ್ಲವನ್ನೂ ಹೇಳಿದಳು. ನನ್ನದೇ ಉಪನ್ಯಾಸ, ಹಿಂದಿಯಲ್ಲಿ ಸ್ವಲ್ಪ ಚೆನ್ನಾಗಿಯೇ ಕೇಳಿಸಿತು. ಹಿಂದಿನ ಕಾಲದಲ್ಲಿ ಯುರೋಪಿನವರೂ ಇಂಥ ಪ್ರತಿಮೆಗಳಿಗೆ ಕೈ ಜೋಡಿಸುತ್ತಿದ್ದರಲ್ಲ ಎಂದೆ. “ಬಾದ್ ಮೇ ಉನ್ಹೋನೇ ಹೀ ನಿಕಾಲ್ ದಿಯಾ ನಾ, ಪಪ್ಪಾ” ಎಂದು, ಆಮೇಲೆ ಅವರೇ ಅವನ್ನು ತೆಗೆದುಹಾಕಿದ್ದನ್ನು ನೆನಪಿಸಿದಳು. ಇತಿಹಾಸದಲ್ಲಿ ಇನ್ನು ನನಗೆ ಆಸರೆ ಉಳಿದಿರಲಿಲ್ಲ.

“ಕೈ ಮುರದ ಮೂರ್ತಿ ಮನ್ಯಾಗ ಇಡಬಾರದವಾ” ಎಂದುಬಿಟ್ಟೆ.

ಅವಳು ನನ್ನನ್ನೇ ದಿಟ್ಟಿಸಿದಳು. “ಆಪ್ ಹಿಸ್ಟರಿ ಪಢೇ ಹೋ ನಾ?”

ಇತಿಹಾಸ ಓದಿದ್ದೇನೆ, ಅದೂ ಸಂಜೆ ಕಾಲೇಜಿನಲ್ಲಿ, ತೂಕಡಿಸದೆ. ಬ್ಲೇಡನ್ನು ಇಸಿದುಕೊಂಡು ಕಪಾಟಿನಲ್ಲಿ ಪದವಿ ಪ್ರಮಾಣಪತ್ರದ ಕೆಳಗಿಟ್ಟು ಬೀಗ ಹಾಕಿದೆ.